ಹಾಲಲ್ಲಿ ತೊಳೆದ ಇದ್ದಿಲು

ಇದ್ದಿಲನ್ನು ಹಾಲಲ್ಲಿ ತೊಳೆದರೂ ಬೆಳ್ಳಗಾಗದು ಎನ್ನುತ್ತಿದ್ದಳು ನಮ್ಮಮ್ಮ. ‘ಶುದ್ಧ ಕಲ್ಲಿದ್ದಲು’ ಎಂಬ ಮಾತನ್ನು ಮೊದಲ ಸಲ ಓದಿದಾಗ ಅವಳೇ ನೆನಪಾದಳು.

ಉಪಾಯವೇನೋ ಜಾಣತನದ್ದೇ. ಕಲ್ಲಿದ್ದಲನ್ನು ನೇರವಾಗಿ ಉರಿಸದೆ, ಹಬೆಯನ್ನೂ ಅಳತೆಯ ಆಮ್ಲಜನಕವನ್ನೂ ಕೊಟ್ಟು ಅನಿಲವಾಗಿಸುತ್ತಾರೆ. ಗಂಧಕವನ್ನು ಮೊದಲೇ ತೆಗೆದು, ಆಮೇಲೆ ಆ ಅನಿಲದಿಂದ ವಿದ್ಯುತ್ ಪಡೆಯುತ್ತಾರೆ. ಹೊಗೆ ಕಡಿಮೆ. ಸೌದೆ ಒಲೆ ಊದಿ ಕಣ್ಣು ಕೆಂಪಾಗಿಸಿಕೊಂಡವಳು ನಾನು. ಇದನ್ನು ಹಗುರವಾಗಿ ಕಾಣಲಾರೆ.

ಅಮೆರಿಕದ ಮಿಸಿಸಿಪಿ ರಾಜ್ಯದ ಕೆಂಪರ್ ಸ್ಥಾವರ ಇನ್ನೂ ಮುಂದೆ ಹೋಗಿ, ಇಂಗಾಲದ ಡೈಆಕ್ಸೈಡಿನಲ್ಲಿ ಶೇಕಡಾ 65ರಷ್ಟನ್ನು ಹಿಡಿದಿಡುವುದಾಗಿ ಹೇಳಿತ್ತು. ಹಿಡಿದದ್ದನ್ನು ಏನು ಮಾಡುವುದು? ಹಳೆಯ ತೈಲಬಾವಿಗಳಿಗೆ ತಳ್ಳಿ, ತಳದಲ್ಲಿ ಉಳಿದ ತೈಲವನ್ನೂ ಮೇಲೆತ್ತುವುದು! ಒಂದು ಕೋಣೆ ಗುಡಿಸಿ ಇನ್ನೊಂದರಲ್ಲಿ ಕಸ ಸುರಿದಂತೆ. ಪಕ್ಕದಲ್ಲೇ ಲಿಗ್ನೈಟ್ ಗಣಿಯನ್ನೂ ಅಗೆದರು. ಖರ್ಚು ಅಂದಾಜಿನ ಇಮ್ಮಡಿ ಮೀರಿ ಸುಮಾರು 750 ಕೋಟಿ ಡಾಲರಿಗೆ ಏರಿತು. 2017ರಲ್ಲಿ ಕಲ್ಲಿದ್ದಲಿನ ಕೆಲಸ ನಿಂತು ಸ್ಥಾವರ ನೈಸರ್ಗಿಕ ಅನಿಲಕ್ಕೆ ತಿರುಗಿತು. 2021ರಲ್ಲಿ ಅನಿಲೀಕರಣದ ಭಾಗವನ್ನು ಸ್ಫೋಟಿಸಿ ಕೆಡವಿದರು.

ತಂತ್ರಜ್ಞಾನವನ್ನು ನಾನು ಹಳಿಯುತ್ತಿಲ್ಲ. ನನ್ನ ತಕರಾರು ‘ಶುದ್ಧ’ ಎಂಬ ಮಾತಿನ ಮೇಲೆ. ‘ಕೊಳೆ ಕಡಿಮೆ’ ಎಂದಿದ್ದರೆ ಒಪ್ಪುತ್ತಿದ್ದೆ. ಅಗೆದ ನೆಲವನ್ನು ಲೆಕ್ಕಕ್ಕೆ ಹಿಡಿಯದೆ ಯಾವ ಇದ್ದಿಲನ್ನೂ ಶುದ್ಧವೆನ್ನಲು ನನಗೆ ಮನಸ್ಸು ಬಾರದು.