ಜಯಂತಿ: ಬಿರುದಿನ ಮರೆಯಲ್ಲಿ ಉಳಿದ ಅಭಿನಯ

ಹಲಕುಂದಿ, ಕುರುಗೋಡು, ಸಿರುಗುಪ್ಪಗಳನ್ನು ಒಳಗೊಂಡ ಬಳ್ಳಾರಿ ಸೀಮೆ ಕನ್ನಡ ಮತ್ತು ತೆಲುಗು ರಂಗಭೂಮಿಗಳೆರಡಕ್ಕೂ ನೆಲೆಯಾದ ಪ್ರದೇಶ. ವೃತ್ತಿಯಿಂದ ವಕೀಲರಾಗಿದ್ದ ಬಳ್ಳಾರಿ ರಾಘವ (1880–1946) ಸ್ತ್ರೀಪಾತ್ರಗಳನ್ನು ಸ್ತ್ರೀಯರೇ ಅಭಿನಯಿಸಬೇಕೆಂದು ಪ್ರತಿಪಾದಿಸಿದವರು. ಅವರ ನಿಧನದ ಹಿಂದಿನ ವರ್ಷ, 1945ರ ಜನವರಿ 6ರಂದು, ಅದೇ ಬಳ್ಳಾರಿಯಲ್ಲಿ ಕಮಲಾಕುಮಾರಿ ಜನಿಸಿದರು. ಮುಂದೆ ಜಯಂತಿ ಎಂಬ ಹೆಸರಿನಲ್ಲಿ ಕನ್ನಡ ಚಿತ್ರರಂಗದ ಪ್ರಮುಖ ನಟಿಯಾದ ಇವರ ಪಾಠಶಾಲೆ ಊರಿನ ರಂಗಮಂದಿರವಲ್ಲ, ಮದರಾಸಿನ ನೃತ್ಯಶಾಲೆ. ವೈ.ಆರ್. ಸ್ವಾಮಿಯವರ ‘ಜೇನುಗೂಡು’ (1963) ಇವರ ಮೊದಲ ಚಿತ್ರ; ಮರುವರ್ಷವೇ ‘ಚಂದವಳ್ಳಿಯ ತೋಟ’ ತೆರೆಕಂಡಿತು.

ಜಯಂತಿಯವರನ್ನು ಕುರಿತ ಬರಹಗಳಲ್ಲಿ ಕೆಲವು ಸಂಗತಿಗಳು ತಪ್ಪದೆ ಬರುತ್ತವೆ. ‘ಮಿಸ್ ಲೀಲಾವತಿ’ (1965) ಚಿತ್ರದ ಈಜುಡುಗೆ ಒಂದು, ರಾಜಕುಮಾರ್ ಅವರೊಡನೆ ನಟಿಸಿದ ಚಿತ್ರಗಳ ಲೆಕ್ಕ ಇನ್ನೊಂದು, ‘ಅಭಿನಯ ಶಾರದೆ’ ಎಂಬ ಬಿರುದು ಮತ್ತೊಂದು. ಪುಟ್ಟಣ್ಣ ಕಣಗಾಲರ ಚಿತ್ರಗಳ ಪ್ರಸ್ತಾಪ ಬಂದೊಡನೆ ಶ್ರೇಯಸ್ಸೆಲ್ಲ ನಿರ್ದೇಶಕರ ಖಾತೆಗೆ ಸಂದಾಯವಾಗುತ್ತದೆ. ಬಿರುದು ಉಳಿದು ಅಭಿನಯದ ವಿವರ ಮರೆಯಾಗುವ ಈ ಕ್ರಮ ನಟಿಯರ ವಿಷಯದಲ್ಲಿ ನಮ್ಮ ವಿಮರ್ಶೆಗೆ ಹಳೆಯ ಅಭ್ಯಾಸ. ಜಯಂತಿಯವರ ಪ್ರಕರಣದಲ್ಲಂತೂ ಅದರಿಂದ ಆಗಿರುವ ನಷ್ಟ ಸಣ್ಣದಲ್ಲ.

ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿದ ‘ನಾಗರಹಾವು’ (1972) ಚಿತ್ರದಲ್ಲಿ ಜಯಂತಿಯವರದು ಅತಿಥಿ ಪಾತ್ರ. ಕಥೆಯ ಮುಖ್ಯ ಪ್ರವಾಹಕ್ಕೆ ಸೇರದ ಓಬವ್ವನ ಪ್ರಸಂಗ ಒಂದು ಗೀತೆಯ ಮೂಲಕ ನಿರೂಪಿತವಾಗುತ್ತದೆ. ಕಥನದ ಭಾರವನ್ನು ಪಿ.ಬಿ. ಶ್ರೀನಿವಾಸರ ಕಂಠ ಹೊರುತ್ತದೆ. ನಟಿಯ ಮಾತಿಗೆ ಅಲ್ಲಿ ಅವಕಾಶ ಅತ್ಯಲ್ಪ. ಗಂಡನಿಗೆ ಊಟ ಬಡಿಸುವ ಗೃಹಿಣಿ ನೀರಿಗೆಂದು ಹೊರಟು, ಕೋಟೆಯ ಕಿಂಡಿಯಲ್ಲಿ ಶತ್ರುವಿನ ಸುಳಿವನ್ನು ಕಂಡು, ಒನಕೆ ಹಿಡಿದು ನಿಲ್ಲುವವರೆಗಿನ ಪರಿವರ್ತನೆಯನ್ನು ದೇಹವೊಂದೇ ಹೇಳಬೇಕು. ನೃತ್ಯಾಭ್ಯಾಸ ಇಲ್ಲಿ ಕೆಲಸಕ್ಕೆ ಬಂದಿದೆ, ಆದರೆ ನೃತ್ಯವಾಗಿ ಅಲ್ಲ. ಒನಕೆಯ ಪೆಟ್ಟಿನಲ್ಲಿ ಲಯವಿದೆ, ಅಲಂಕಾರವಿಲ್ಲ. ಧಾನ್ಯ ಕುಟ್ಟಿ ಪಳಗಿದ ಹೆಣ್ಣಿನ ತೋಳಿನ ಬಲವಾಗಿಯೇ ಅದು ತೋರುತ್ತದೆ. ಕೆಲವೇ ನಿಮಿಷಗಳ ಈ ಪ್ರಸಂಗದ ಪರಿಣಾಮವಾಗಿ ಓಬವ್ವ ಎಂದರೆ ಜಯಂತಿಯವರ ಮುಖವೇ ಕಣ್ಣೆದುರು ನಿಲ್ಲುವಂತಾಯಿತು. ಚಿತ್ರದುರ್ಗದ ಐತಿಹ್ಯವೊಂದಕ್ಕೆ ಬಳ್ಳಾರಿಯ ನಟಿಯೊಬ್ಬರು ಮುಖ ಕೊಟ್ಟದ್ದು ಹೀಗೆ.

ಮರುವರ್ಷದ ‘ಎಡಕಲ್ಲು ಗುಡ್ಡದ ಮೇಲೆ’ (1973) ಇದಕ್ಕೆ ತೀರ ವಿರುದ್ಧವಾದ ಸವಾಲು. ಭಾರತೀಸುತರ ಕಾದಂಬರಿಯನ್ನು ಆಧರಿಸಿದ ಈ ಚಿತ್ರದ ಮಾಧವಿ, ದಾಂಪತ್ಯದಲ್ಲಿ ದೇಹಸುಖವನ್ನು ಕಾಣದೆ ತರುಣನೊಬ್ಬನತ್ತ ಒಲಿಯುವ ವಿವಾಹಿತೆ. ಓಬವ್ವನಲ್ಲಿ ಹೊರಚಿಮ್ಮಿದ ಶಕ್ತಿ ಇಲ್ಲಿ ಒಳಗೇ ಕುದಿಯಬೇಕು. ಕಥೆಯ ಚೌಕಟ್ಟು ಮಾಧವಿಯನ್ನು ಅರ್ಥಮಾಡಿಕೊಳ್ಳುವಷ್ಟು ಉದಾರವಾಗಿದ್ದರೂ ಕ್ಷಮಿಸುವಷ್ಟು ಧೈರ್ಯ ಅದಕ್ಕಿಲ್ಲ. ಜಯಂತಿಯವರ ಅಭಿನಯ ಈ ಹಂತದಲ್ಲಿ ಚಿತ್ರಕಥೆಯಿಂದ ಬೇರೆಯಾಗುತ್ತದೆ. ಅವರ ಮಾಧವಿ ಪ್ರೇಕ್ಷಕರಿಂದ ಕನಿಕರವನ್ನು ಬೇಡುವುದಿಲ್ಲ, ತನ್ನ ಆಸೆಯನ್ನು ರೋಗವೆಂದು ಒಪ್ಪಿಕೊಳ್ಳುವುದೂ ಇಲ್ಲ. ತಡೆತಡೆದು ಬರುವ ಅವರ ಮಾತಿನ ಧಾಟಿ ಬೇರೆ ಚಿತ್ರಗಳಲ್ಲಿ ಒಮ್ಮೊಮ್ಮೆ ಬರಿಯ ವೈಖರಿಯಾಗಿ ಕೇಳಿಸುವುದುಂಟು. ಇಲ್ಲಿ ಮಾತ್ರ ಆಡಬಾರದ್ದನ್ನು ಆಡಲು ಹೊರಟವಳ ಸಂಕೋಚಕ್ಕೆ ಅದು ಸರಿಯಾಗಿ ಹೊಂದಿದೆ. ಈ ಪಾತ್ರಕ್ಕೆ ರಾಜ್ಯ ಸರ್ಕಾರದ ಅತ್ಯುತ್ತಮ ನಟಿ ಪ್ರಶಸ್ತಿ ಸಂದಿತು. ಪುಟ್ಟಣ್ಣನವರ ನಿರ್ದೇಶನವಿಲ್ಲದೆ ಈ ಮಾಧವಿ ಇಲ್ಲ ಎಂಬುದು ನಿಜ. ಆದರೆ ನಿರ್ದೇಶಕರು ಬರೆಸಿದ ತೀರ್ಪಿಗೆ ನಟಿ ಪೂರ್ಣವಾಗಿ ಸಹಿ ಹಾಕಿಲ್ಲವೆಂಬುದನ್ನೂ ಗುರುತಿಸಬೇಕಾಗುತ್ತದೆ.

ಇದೇ ಚಿತ್ರದ ವಿರಹಗೀತೆ ಎಸ್. ಜಾನಕಿಯವರ ಕಂಠದ್ದು. ಇನ್ನೊಬ್ಬರ ಉಸಿರಿಗೆ ತನ್ನ ಮುಖವನ್ನು ಹೊಂದಿಸುವುದು ಹಿನ್ನೆಲೆ ಗಾಯನದ ಕಾಲದ ಚಿತ್ರನಟಿಯ ವಿಶಿಷ್ಟ ಕಷ್ಟ. ಬಳ್ಳಾರಿಯ ವೃತ್ತಿರಂಗಭೂಮಿಯ ಸುಭದ್ರಮ್ಮ ಮನ್ಸೂರರಿಗೆ ಈ ಕಷ್ಟವಿರಲಿಲ್ಲ. ಕನ್ನಡ-ತೆಲುಗು ನಾಟಕಗಳೆರಡರಲ್ಲೂ ಹೆಸರಾದ ಅವರು ತಮ್ಮ ಪಾತ್ರಗಳ ಹಾಡನ್ನು ತಾವೇ ಹಾಡಿದರು; ಕಂದಗಲ್ ಹನುಮಂತರಾಯರ ‘ರಕ್ತರಾತ್ರಿ’ಯ ದ್ರೌಪದಿ ಅವರ ಖ್ಯಾತ ಪಾತ್ರ. ಅಲ್ಲಿ ಮಾತು ಏರಿ ಹಾಡಾಗುವ ಗಳಿಗೆ ನಟಿಯ ಸ್ವಾಧೀನದಲ್ಲಿತ್ತು. ಜಯಂತಿಯವರು ಆ ಗಳಿಗೆಯನ್ನು ಕಣ್ಣು ಮತ್ತು ಕೊರಳಿನ ಬಾಗುವಿಕೆಯಿಂದ ತುಂಬಬೇಕಾಯಿತು. ಮಾಧವಿಯ ವಿರಹದಲ್ಲಿ ಅದು ಸಾಧಿಸಿದೆ. ತುಟಿಚಲನೆಯಷ್ಟೇ ಉಳಿದುಹೋದ ಹಾಡುಗಳೂ ಅವರ ಚಿತ್ರಗಳಲ್ಲಿವೆ.

ಅನಂತರದ ತಾಯಿ ಪಾತ್ರಗಳ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಕಣ್ಣೀರಿನ ಸಿದ್ಧಸೂತ್ರಕ್ಕೆ ಅವರನ್ನು ಕಟ್ಟಿಹಾಕಿದ ಚಿತ್ರಗಳು ಹಲವು. ಇದಕ್ಕೆ ಅಪವಾದವೆಂದರೆ, 1985ರಲ್ಲಿ ಪುಟ್ಟಣ್ಣನವರು ನಿಧನರಾದ ಮೇಲೆ ಕೆ.ಎಸ್.ಎಲ್. ಸ್ವಾಮಿಯವರು ಪೂರ್ಣಗೊಳಿಸಿದ ‘ಮಸಣದ ಹೂವು’. ವೇಶ್ಯಾವಾಟಿಕೆಯ ಲೋಕವನ್ನು ತೋರುವ ಆ ಚಿತ್ರದಲ್ಲಿ ನಾಯಕಿಯ ಪ್ರಭಾವಳಿಯನ್ನು ಕಳಚಿಟ್ಟು ನಿಂತ ಜಯಂತಿ ಕಾಣುತ್ತಾರೆ.

ಸುಭದ್ರಮ್ಮ 2020ರ ಜುಲೈನಲ್ಲಿ, ಜಯಂತಿ 2021ರ ಜುಲೈ 26ರಂದು ನಿಧನರಾದರು. ಜಯಂತಿಯವರ ಮಾಧವಿಯನ್ನು ಇಂದೂ ತೆರೆಯ ಮೇಲೆ ನೋಡಿ ವಾದಿಸಬಹುದು. ಸುಭದ್ರಮ್ಮನವರ ದ್ರೌಪದಿಯ ವಿಷಯದಲ್ಲಿ ಸಂಶೋಧಕರು ಮೊರೆಹೋಗಬೇಕಾದದ್ದು ಬಳ್ಳಾರಿ ಸೀಮೆಯ ಹಿರಿಯ ಪ್ರೇಕ್ಷಕರ ನೆನಪಿಗೆ.