ದೂರ ಅಷ್ಟೇ, ಗಂಟೆ ಮಾತ್ರ ಬೇರೆ

ಗೋಡೆಗೆ ತೂಗುಹಾಕಿದ ನಕ್ಷೆ ನಂಬಿದರೆ, ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟ ವಿಮಾನ ಪೆಸಿಫಿಕ್ ಸಾಗರದ ಮೇಲೆ ನೆಟ್ಟಗೆ ಹೋಗಬೇಕು. ಆದರೆ ಮಕ್ಕಳ ಗ್ಲೋಬ್ ತಂದು, ಎರಡು ಊರುಗಳ ನಡುವೆ ಒಂದು ದಾರ ಹಿಡಿದು ಬಿಗಿಯಾಗಿ ಎಳೆದು ನೋಡಿ. ದಾರ ತಾನಾಗಿಯೇ ಮೇಲಕ್ಕೆ ಜಾರಿ, ಟಿಬೆಟ್, ಸೈಬೀರಿಯಾ ಹಾದು, 71 ಡಿಗ್ರಿ ಉತ್ತರದ ಹತ್ತಿರ ಆರ್ಕ್ಟಿಕ್ ಅಂಚು ಮುಟ್ಟಿ, ಅಲಾಸ್ಕಾ ಮೇಲಿಂದ ಕೆಳಗಿಳಿಯುತ್ತದೆ. ಉದ್ದ ಸುಮಾರು 14,000 ಕಿ.ಮೀ. ವಿಮಾನಯಾನದ ಹುಚ್ಚು ಹಿಡಿಯುವುದು ಇಲ್ಲಿಂದಲೇ.

2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಹೊರಟ ಏರ್ ಇಂಡಿಯಾದ ಮೊದಲ ನೇರ ವಿಮಾನ ಈ ದಾರವನ್ನೂ ಮೀರಿ ಉತ್ತರ ಧ್ರುವದ ಮೇಲೆ ಹಾದು ಬಂತು. ಕ್ಯಾಪ್ಟನ್ ಜೋಯಾ ಅಗರ್ವಾಲ್, ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಮಹಿಳೆಯರೇ. ಹದಿನೇಳು ಗಂಟೆಯ ಆಸುಪಾಸು ಹಾರಿ 11ರ ಬೆಳಗಿನ ಜಾವ ಬೆಂಗಳೂರಿನಲ್ಲಿ ಇಳಿಯಿತು. ನಡುವಿನ ಹತ್ತನೇ ತಾರೀಖು ಪ್ರಯಾಣಿಕರ ಪಾಲಿಗೆ ಆಕಾಶದಲ್ಲೇ ಮುಗಿದಿತ್ತು! ಅದೇ ಚಳಿಗಾಲದಲ್ಲಿ ಇಲ್ಲಿಂದ ಅಲ್ಲಿಗೆ ಹೋದವರಿಗೆ ಹದಿಮೂರೂವರೆ ಗಂಟೆ ಲಾಭ. ಮಧ್ಯಾಹ್ನ ಹತ್ತಿದರೆ ಅದೇ ದಿನ ಸಂಜೆಗೆ ಅಲ್ಲಿ.

ಧ್ರುವದ ದಾರಿಗೆ ಅದರದೇ ತಾಪತ್ರಯಗಳಿವೆ. ಅಮೆರಿಕದಲ್ಲಿ ತುಂಬಿಸುವ ಜೆಟ್ ಎ ಇಂಧನ ಮೈನಸ್ 40 ಡಿಗ್ರಿಯಲ್ಲಿ ಹೆಪ್ಪುಗಟ್ಟಬಲ್ಲದು. ಹೊರಗಿನ ಗಾಳಿ ಅದಕ್ಕಿಂತ ತಣ್ಣಗಿರುತ್ತದೆ. ಟ್ಯಾಂಕಿನ ಉಷ್ಣತೆ ತೀರಾ ಇಳಿದರೆ ಪೈಲಟ್‌ಗಳು ಬೆಚ್ಚನೆಯ ಗಾಳಿ ಹುಡುಕಿ ಎತ್ತರ ಬದಲಿಸುತ್ತಾರೆ, ಇಲ್ಲವೇ ವೇಗ ಹೆಚ್ಚಿಸುತ್ತಾರೆ.

ಆದರೆ ಗಂಟೆಗಳನ್ನು ನಿಜವಾಗಿ ಆಳುವುದು ಗಾಳಿ. ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಚಳಿಗಾಲದಲ್ಲಿ ಗಂಟೆಗೆ 200 ಕಿ.ಮೀ. ಮೀರುವುದು ಸಾಮಾನ್ಯ. 1920ರ ದಶಕದಲ್ಲೇ ಜಪಾನಿನ ವಾಸಬುರೊ ಓಇಶಿ ಬಲೂನು ಹಾರಿಸಿ ಇದನ್ನು ಅಳೆದಿದ್ದರು. ಜಗತ್ತಿಗೆಲ್ಲ ತಿಳಿಯಲೆಂದು ಎಸ್ಪೆರಾಂಟೊ ಭಾಷೆಯಲ್ಲಿ ಪ್ರಕಟಿಸಿದರು. ಪಾಪ, ಓದಿದವರೇ ಕಡಿಮೆ. 2020ರ ಫೆಬ್ರುವರಿಯಲ್ಲಿ ಸಿಯಾರಾ ಬಿರುಗಾಳಿಯ ಹೊತ್ತಿಗೆ ಬ್ರಿಟಿಷ್ ಏರ್‌ವೇಸ್‌ನ ಜಂಬೋ ಜೆಟ್ ಒಂದು ಈ ಗಾಳಿಯ ಬೆನ್ನೇರಿ ನ್ಯೂಯಾರ್ಕಿನಿಂದ ಲಂಡನ್ನಿಗೆ ಐದು ಗಂಟೆಯೊಳಗೇ ಬಂದು ಮುಟ್ಟಿತು. ಎದುರು ದಿಕ್ಕಿನಲ್ಲಿ ಅದೇ 5,500 ಕಿ.ಮೀ.ಗೆ ಏಳೂವರೆ, ಎಂಟು ಗಂಟೆ ಬೇಕು.

ಟಿಕೆಟ್ಟಿನ ಮೇಲಿನ ಅವಧಿಯಲ್ಲಿ ರನ್‌ವೇಗೆ ತೆವಳುವುದು, ಸರದಿಗೆ ಕಾಯುವುದು ಎಲ್ಲ ಸೇರಿದೆ. ಮೇಲೊಂದಿಷ್ಟು ಹೆಚ್ಚುವರಿ ಸಮಯವನ್ನೂ ಕಂಪನಿಗಳು ಇಟ್ಟುಕೊಳ್ಳುತ್ತವೆ. ಹಾಗೆಂದು ಅದನ್ನೇ ನಂಬಿ ಕೂರಬೇಡಿ. ಡಿಸೆಂಬರ್, ಜನವರಿಯಲ್ಲಿ ಯುರೋಪಿನಿಂದ ಅಮೆರಿಕಕ್ಕೆ ಹೋಗುತ್ತಿದ್ದರೆ ಅಲ್ಲಿನ ಮುಂದಿನ ವಿಮಾನಕ್ಕೆ ಮೂರು ಗಂಟೆಯಾದರೂ ಅಂತರ ಇಟ್ಟುಕೊಳ್ಳಿ.