ಕರುಳಿನ ಸೋರಿಕೆ: ಕಾರಣವೋ, ಕುರುಹೋ

ಕರುಳಿನ ಒಳಗೋಡೆ ಸಡಿಲಗೊಂಡು, ಅರೆಜೀರ್ಣವಾದ ಆಹಾರದ ಕಣಗಳೂ ಸೂಕ್ಷ್ಮಾಣುಗಳ ವಿಷವೂ ರಕ್ತಕ್ಕೆ ನುಸುಳುವುದರಿಂದಲೇ ದಣಿವು, ಕೀಲುನೋವು, ಚರ್ಮದ ತುರಿಕೆ, ತಲೆಯ ಮಂಕು ಮೊದಲಾದ ಹತ್ತಾರು ಬಾಧೆಗಳು ಹುಟ್ಟುತ್ತವೆ ಎಂಬ ವಾದವು ‘ಲೀಕಿ ಗಟ್’, ಅಂದರೆ ಸೋರುವ ಕರುಳು, ಎಂಬ ಹೆಸರಿನಲ್ಲಿ ಹಬ್ಬಿದೆ. ಇದರಲ್ಲಿ ವಿಜ್ಞಾನದ ಪಾಲೆಷ್ಟು, ವ್ಯಾಪಾರದ ಪಾಲೆಷ್ಟು ಎಂದು ಬೇರ್ಪಡಿಸಿ ನೋಡಲು ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಊಟ, ನೀರು ಮತ್ತು ದುಡಿಮೆ ಒಳ್ಳೆಯ ಒರೆಗಲ್ಲಾಗುತ್ತವೆ.

ವಾದದ ತಳಹದಿ ಸುಳ್ಳಲ್ಲ. ಸಣ್ಣ ಕರುಳಿನ ಒಳಮೈಯನ್ನು ಒಂದೇ ಪದರದ ಜೀವಕೋಶಗಳು ಹೊದ್ದಿರುತ್ತವೆ. ಅಕ್ಕಪಕ್ಕದ ಕೋಶಗಳನ್ನು ಬೆಸೆಯುವ ಬಿಗಿಸಂಧಿಗಳ ರಚನೆಯನ್ನು ಫಾರ್ಕ್ವಾರ್ ಮತ್ತು ಪಲಾಡೆ 1963ರಲ್ಲಿ ವಿವರಿಸಿದರು. ಈ ಸಂಧಿಗಳು ಗಾರೆಯಂತೆ ಗಟ್ಟಿಯಾಗಿ ನಿಲ್ಲದೆ, ಅಗತ್ಯಕ್ಕೆ ತಕ್ಕಂತೆ ಸಡಿಲಗೊಂಡು ಮತ್ತೆ ಬಿಗಿಯುತ್ತವೆ. ಕಾಲರಾ ರೋಗಾಣುವಿನ ಒಂದು ವಿಷವು ಅವುಗಳನ್ನು ಸಡಿಲಿಸುವುದನ್ನು ಕಂಡ ಅಲೆಸ್ಸಿಯೊ ಫಸಾನೊ ಮತ್ತು ಸಂಗಡಿಗರು, ಮನುಷ್ಯನ ದೇಹದಲ್ಲಿಯೂ ಅಂಥದೇ ಕೆಲಸ ಮಾಡುವ ‘ಝೋನುಲಿನ್’ ಎಂಬ ಪ್ರೋಟೀನು ಇದೆಯೆಂದು 2000ದಲ್ಲಿ ವರದಿ ಮಾಡಿದರು. ಗೋದಿಯ ಗ್ಲುಟೆನ್ ಅಂಶಕ್ಕೆ ದೇಹವೇ ಮುನಿದು ಕರುಳನ್ನು ಹಾಳುಮಾಡುವ ಸೀಲಿಯಾಕ್ ರೋಗದಲ್ಲಿಯೂ, ಕರುಳಿನ ಉರಿಯೂತವಾದ ಕ್ರೋನ್ಸ್ ರೋಗದಲ್ಲಿಯೂ ಗೋಡೆಯ ಪಾರಗಮ್ಯತೆ, ಎಂದರೆ ವಸ್ತುಗಳನ್ನು ದಾಟಗೊಡುವ ಗುಣ, ಹೆಚ್ಚಿರುವುದು ದೃಢಪಟ್ಟಿದೆ.

ತೊಡಕು ಹುಟ್ಟುವುದು ಈ ಕುರುಹನ್ನೇ ಎಲ್ಲ ಬಾಧೆಗಳ ಮೂಲಕಾರಣವೆಂದು ಸಾರಿದಾಗ. ಗೋಡೆಯ ಸಡಿಲಿಕೆ ರೋಗಕ್ಕೆ ಮುಂಚಿತವಾಗಿ ಬಂದದ್ದೋ, ರೋಗದ ಬೆನ್ನಿಗೆ ಬಂದದ್ದೋ ಎಂಬುದು ಹೆಚ್ಚಿನ ಕಾಯಿಲೆಗಳಲ್ಲಿ ಇತ್ಯರ್ಥವಾಗಿಲ್ಲ. ಸಂಧಿಗಳನ್ನು ಬಿಗಿಗೊಳಿಸಲೆಂದೇ ರೂಪಿಸಿದ ಲಾರಜೋಟೈಡ್ ಎಂಬ ಔಷಧದ ಮೂರನೆಯ ಹಂತದ ಪ್ರಯೋಗವನ್ನು, ಸೀಲಿಯಾಕ್ ರೋಗಿಗಳಲ್ಲಿ ನಿರೀಕ್ಷಿತ ಗುಣ ತೋರುವ ಸಂಭವ ಕಾಣದೆ, 2022ರಲ್ಲಿ ಕೈಬಿಡಲಾಯಿತು. ಝೋನುಲಿನ್ ಅಳೆಯುತ್ತವೆಂದು ಮಾರಾಟವಾಗುತ್ತಿದ್ದ ಪರೀಕ್ಷಾ ಕಿಟ್‌ಗಳು ಬೇರೆ ಪ್ರೋಟೀನುಗಳನ್ನು ಹಿಡಿಯುತ್ತಿದ್ದುದು ಪರಿಶೀಲನೆಯಲ್ಲಿ ಬಯಲಾಗಿದೆ. ಅಳತೆಯೇ ಅಲುಗಾಡುವ ಕಡೆ, ಆ ಅಳತೆಯನ್ನು ನೆಚ್ಚಿ ಮಾರುವ ಪುಡಿ ಮತ್ತು ಮಾತ್ರೆಗಳಿಗೆ ಆಧಾರ ಉಳಿಯುವುದಿಲ್ಲ.

ಈ ವಾದದ ಜೊತೆಗೆ ಬರುವ ಮೊದಲ ಪಥ್ಯವೆಂದರೆ ಗೋದಿಯನ್ನು ಬಿಡುವುದು. ರಾಗಿ ಮುದ್ದೆ, ಅನ್ನ, ಹುರುಳಿ ಸಾರು, ಉಪ್ಸಾರುಗಳಲ್ಲಿ ಊಟ ಮುಗಿಯುವ ಸೀಮೆಯಲ್ಲಿ ಈ ಪಥ್ಯಕ್ಕೆ ಹೆಚ್ಚಿನ ಅರ್ಥವಿಲ್ಲ. ರಾಗಿಯಲ್ಲಿಯೂ ಅಕ್ಕಿಯಲ್ಲಿಯೂ ಗ್ಲುಟೆನ್ ಇರುವುದೇ ಇಲ್ಲ. ಭಾರತದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಸೀಲಿಯಾಕ್ ರೋಗವು ಉತ್ತರದ ವಯಸ್ಕರಲ್ಲಿ ಶೇ. 1.23ರಷ್ಟಿದ್ದರೆ ದಕ್ಷಿಣದಲ್ಲಿ ಶೇ. 0.10ರಷ್ಟಿತ್ತು. ರಾಗಿಯ ನಾರನ್ನು ದೊಡ್ಡ ಕರುಳಿನ ಸೂಕ್ಷ್ಮಾಣುಗಳು ಹುದುಗಿಸಿದಾಗ ಹುಟ್ಟುವ ಬ್ಯುಟಿರೇಟ್ ಎಂಬ ಆಮ್ಲವು ಕರುಳಗೋಡೆಯ ಕೋಶಗಳಿಗೆ ಆಹಾರವಾಗುತ್ತದೆ ಎಂಬುದನ್ನು ನೋಡಿದರೆ, ಮುದ್ದೆಯೂ ಅಂಬಲಿಯೂ ಕೊಂಡು ತರುವ ಪುಡಿಗಿಂತ ಹಿಂದುಳಿದವೇನಲ್ಲ. ಹಾಗೆಂದು ರಾಗಿಯನ್ನು ಸಂಜೀವಿನಿಯೆನ್ನುವುದೂ ಅತಿಯಾಗುತ್ತದೆ: ಅದರಲ್ಲಿರುವ ಫೈಟೇಟ್ ಮತ್ತು ಟ್ಯಾನಿನ್‌ಗಳು ಕಬ್ಬಿಣಾಂಶ ಮೈಗೂಡುವುದನ್ನು ತಡೆಯುತ್ತವೆ, ಮೊಳಕೆ ಕಟ್ಟಿದಾಗ, ಹುಳಿ ಬರಿಸಿದಾಗ ಆ ತಡೆ ಕುಗ್ಗುತ್ತದೆ.

ಉಷ್ಣವಲಯಕ್ಕೆ ನಿಜವಾಗಿ ಸಂಬಂಧಿಸಿದ ಕರುಳಿನ ಸೋರಿಕೆಯ ಕಥೆ ಈ ಪ್ರಚಾರಕ್ಕಿಂತ ಹಳೆಯದು. 1960ರ ದಶಕದಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ಸೆಲ್ವಿನ್ ಬೇಕರ್, ವಿ. ಐ. ಮಥನ್ ಮೊದಲಾದವರು ದಕ್ಷಿಣ ಭಾರತದ ಹಳ್ಳಿಗರ ಕರುಳನ್ನು ಪರೀಕ್ಷಿಸಿದಾಗ, ಆರೋಗ್ಯವಂತರಂತೆ ಕಾಣುವವರಲ್ಲಿಯೂ ಆಹಾರ ಹೀರುವ ಬೆರಳಿನಂಥ ಮಡಿಕೆಗಳು ಮೊಂಡಾಗಿರುವುದು ಕಂಡುಬಂತು. ಮಲದಿಂದ ಕಲುಷಿತವಾದ ನೀರು ಮತ್ತು ಮಣ್ಣಿನ ಸೂಕ್ಷ್ಮಾಣುಗಳನ್ನು ದಿನದಿನವೂ ನುಂಗುವುದರಿಂದ ಉಂಟಾಗುವುದೆಂದು ಎಣಿಸಲಾದ ಈ ಸ್ಥಿತಿಗೆ ಪರಿಸರಜನ್ಯ ಕರುಳುಬೇನೆಯೆಂಬ ಹೆಸರು ಸಲ್ಲುತ್ತದೆ. ಎರಡು ಬಗೆಯ ಸಕ್ಕರೆಗಳನ್ನು ಕುಡಿಸಿ, ಕೋಶಗಳ ಮೂಲಕ ಸಾಗುವ ಮ್ಯಾನಿಟಾಲ್ ಎಷ್ಟು, ಸಂದಿಗಳಲ್ಲಿ ಮಾತ್ರ ನುಸುಳಬಲ್ಲ ಲ್ಯಾಕ್ಟುಲೋಸ್ ಎಷ್ಟು ಎಂದು ಮೂತ್ರದಲ್ಲಿ ಅಳೆದು ಇದನ್ನು ಗುರುತಿಸುತ್ತಾರೆ. ಗ್ಯಾಂಬಿಯಾದ ಶಿಶುಗಳಲ್ಲಿ ಬೆಳವಣಿಗೆ ಕುಂಠಿತವಾಗುವುದಕ್ಕೂ ಈ ಸೋರಿಕೆಗೂ ನಂಟಿರುವುದನ್ನು 1991ರ ಅಧ್ಯಯನವೊಂದು ತೋರಿಸಿತು.

ಹೀಗೆ ನೋಡಿದಾಗ ಹನೂರಿನ ಬೆಟ್ಟದ ಹಳ್ಳಿಗಳಲ್ಲಿ, ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಲ್ಲಿ, ಯಳಂದೂರಿನ ಕಾಲುವೆ ಬಯಲಿನಲ್ಲಿ ಕೇಳಬೇಕಾದ ಪ್ರಶ್ನೆಗಳು ತೊಂಬೆಯ ನೀರಿನ ಶುದ್ಧಿ, ಬಯಲು ಶೌಚ, ಮಗುವಿನ ತಟ್ಟೆಯ ಬೇಳೆ ಮತ್ತು ಮೊಟ್ಟೆಯ ಸುತ್ತ ನಿಲ್ಲುತ್ತವೆ. ಇಲ್ಲಿಯೂ ಸುಲಭದ ಉತ್ತರವಿಲ್ಲ: ಬಾಂಗ್ಲಾದೇಶ, ಕೀನ್ಯಾ, ಜಿಂಬಾಬ್ವೆಗಳಲ್ಲಿ ನಡೆದು 2018 ಮತ್ತು 2019ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗಗಳಲ್ಲಿ ಮನೆಮಟ್ಟದ ಶೌಚಾಲಯ ಮತ್ತು ಕೈತೊಳೆಯುವ ವ್ಯವಸ್ಥೆಗಳಿಂದ ಮಕ್ಕಳ ಎತ್ತರ ಹೆಚ್ಚಲಿಲ್ಲ, ಪೂರಕ ಆಹಾರದಿಂದ ಅಲ್ಪ ಗುಣ ಮಾತ್ರ ಕಂಡಿತು. ಊರಿಡೀ ಶುದ್ಧ ನೀರು ಹರಿಯದೆ, ಅಂಗಳದ ಕೋಳಿ ಮತ್ತು ದನಗಳ ಸಗಣಿಯಿಂದ ಮಗುವನ್ನು ದೂರವಿಡದೆ, ಒಂದೊಂದು ಮನೆಗೆ ಒಂದೊಂದು ಶೌಚಾಲಯ ಕಟ್ಟಿಸಿದರೆ ಸಾಲದೆಂಬ ಅಭಿಪ್ರಾಯ ತಜ್ಞರಲ್ಲಿ ಬಲಗೊಂಡಿದೆ.

ಇನ್ನೊಂದು ಕಾರಣ ಔಷಧಿ ಅಂಗಡಿಯಲ್ಲಿದೆ. ಐಬುಪ್ರೊಫೆನ್, ಡೈಕ್ಲೊಫಿನಾಕ್‌ನಂಥ ನೋವಿನ ಮಾತ್ರೆಗಳೂ ಮದ್ಯವೂ ಕರುಳಗೋಡೆಯನ್ನು ಸಡಿಲಿಸುವುದು ಸಾಬೀತಾದ ಸಂಗತಿ. ಕಬ್ಬು ಕಡಿಯುವವರಾಗಲಿ, ಕೊಳ್ಳೇಗಾಲದ ರೇಷ್ಮೆ ಮಗ್ಗದಲ್ಲಿ ದಿನವಿಡೀ ಬಾಗಿ ಕೂರುವವರಾಗಲಿ ಬೆನ್ನುನೋವಿಗೆ ಚೀಟಿಯಿಲ್ಲದೆ ಮಾತ್ರೆ ನುಂಗುತ್ತ ಹೋದರೆ, ಅವರ ಕರುಳಿಗೆ ಆಗುವ ಹಾನಿ ಯಾವ ಪಥ್ಯದಿಂದಲೂ ತುಂಬಿಬರುವುದಿಲ್ಲ.

ಡಾ. ಎಚ್. ಸುದರ್ಶನ್ 1981ರಲ್ಲಿ ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವೂ, 1996ರಿಂದ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ನಡೆಸಿದ ಕರುಣಾ ಟ್ರಸ್ಟ್ ಕೂಡ ಈ ಸೀಮೆಯಲ್ಲಿ ರೋಗವನ್ನು ಅದರ ಪರಿಸರದೊಡನೆ ಸೇರಿಸಿ ನೋಡುವ ರೂಢಿಯನ್ನು ಹಾಕಿಕೊಟ್ಟಿವೆ. ಆ ರೂಢಿಯಲ್ಲಿ ತೂಗಿದರೆ, ‘ಸೋರುವ ಕರುಳು’ ರೋಗಿಯ ನೀರು, ಮಾತ್ರೆ, ಮದ್ಯ, ಊಟಗಳನ್ನು ವಿಚಾರಿಸಲು ವೈದ್ಯರನ್ನು ಪ್ರೇರಿಸುವಷ್ಟರ ಮಟ್ಟಿಗೆ ಉಪಯುಕ್ತ ಪರಿಕಲ್ಪನೆ. ತೂಕ ಇಳಿಯುವಿಕೆ, ರಕ್ತಹೀನತೆ, ಮಲದಲ್ಲಿ ರಕ್ತ ಕಂಡಾಗಲೂ ಅದನ್ನೇ ರೋಗದ ಹೆಸರೆಂದು ನಂಬಿಸಿ, ನಡೆಯಬೇಕಾದ ಪರೀಕ್ಷೆಯನ್ನು ಮುಂದೂಡಿಸುವಲ್ಲಿ ಅದು ಹಾನಿಕರ.